ಎರಡನೇ ಆಲ್ಬಂ ಕೇಳುವುದು ಹೇಗೆ: ಚಿಕ್ಕಮಗಳೂರಿಂದ ಬೇಲೂರಿನ ತನಕ 'ಗಟ್ಸ್'

ನಮ್ಮ ಕಡೆ ಕಾಫಿ ತೋಟಕ್ಕೆ ಎರಡು ಮಳೆ ಬೇಕು. ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುವ ಮೊದಲನೇದು ಹೂಮಳೆ. ಅದು ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಬಿರಿಯುತ್ತದೆ. ಮಲ್ಲಿಗೆಯಂಥ ಘಮ ಮನೆಯೊಳಗೂ ಬರುತ್ತದೆ. ಬೆಂಗಳೂರಿಂದ ಬಂದವರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಎರಡು ಮೂರು ದಿನಕ್ಕೆ ಹೂವು ಬಾಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕು. ತೋಟದವರು ಅದಕ್ಕೆ ಬ್ಯಾಕಿಂಗ್ ಶವರ್ ಅನ್ನುತ್ತಾರೆ. ಅದು ಬಂದರೇನೇ ಕಾಯಿ ನಿಲ್ಲುವುದು. ಆ ಮಳೆಯ ಫೋಟೋ ಯಾರೂ ತೆಗೆಯುವುದಿಲ್ಲ. ಆದರೆ ನಮ್ಮಪ್ಪ ಜಗಲಿಯಲ್ಲಿ ಕೂತು ಆಕಾಶ ನೋಡುತ್ತಾ ಕಾಯುತ್ತಿದ್ದದ್ದು ಆ ಮಳೆಗೇ.

ಯಾವುದೇ ಹೊಸ ಗಾಯಕಿಯ ಎರಡನೇ ಆಲ್ಬಂ ಬಂದಾಗ ನನಗೆ ಈ ಎರಡನೇ ಮಳೆ ನೆನಪಾಗುತ್ತದೆ. ಮೊದಲನೇದಕ್ಕೆ ಎಲ್ಲರೂ ಕುಣಿದಿರುತ್ತೇವೆ. ಎರಡನೇದು ಬಂದ ದಿನ ಒಂದು ಸಲ ಕೇಳಿ, "ಮೊದಲಿನಷ್ಟು ಚೆನ್ನಾಗಿಲ್ಲ" ಅಂದು ಬಿಟ್ಟುಬಿಡುತ್ತೇವೆ. ನಾನೂ ಹಾಗೇ ಬಿಟ್ಟಿದ್ದೆ. ಒಂದು ತಿಂಗಳಾದ ಮೇಲೆ ಸರಿಯಾಗಿ ಕೂತು ಕೇಳಿದಾಗ, ನಾನು ಅದರಲ್ಲಿ ಮತ್ತೆ ಹೂವನ್ನೇ ಹುಡುಕುತ್ತಿದ್ದೆ ಅಂತ ಗೊತ್ತಾಯಿತು. ಹಾಗಾಗಿ, ಎರಡನೇ ಆಲ್ಬಂ ಕೇಳುವುದಕ್ಕೆ ನಾನು ಕಂಡುಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಇಟ್ಟುಕೊಂಡಿರುವುದು ಒಲಿವಿಯಾ ರೊಡ್ರಿಗೊ ಎಂಬ ಅಮೆರಿಕದ ಹುಡುಗಿಯ 'ಗಟ್ಸ್'. ನೀವು ಬೇರೆ ಯಾರದ್ದಾದರೂ ಇಟ್ಟುಕೊಳ್ಳಬಹುದು, ದಾರಿ ಅದೇ.

ಮೊದಲು ಸ್ವಲ್ಪ ಹಿನ್ನೆಲೆ. ಆಕೆ ಹುಟ್ಟಿದ್ದು 2003ರ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಚಿಕ್ಕ ವಯಸ್ಸಿಗೇ ಡಿಸ್ನಿಯ ಸೀರಿಯಲ್‌ಗಳಲ್ಲಿ ನಟಿಸಿದವಳು. 2021ರ ಜನವರಿಯಲ್ಲಿ 'ಡ್ರೈವರ್ಸ್ ಲೈಸೆನ್ಸ್' ಅಂತ ಒಂದು ಹಾಡು ಬಂತು, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎಂಟು ವಾರ ಒಂದನೇ ಸ್ಥಾನದಲ್ಲಿ ಕೂತಿತು. ಅದೇ ವರ್ಷ ಮೇ 21ಕ್ಕೆ ಮೊದಲ ಆಲ್ಬಂ 'ಸವರ್', ಅಂದರೆ ಹುಳಿ. ಹನ್ನೊಂದು ಹಾಡು. ಆಗ ಆಕೆಗೆ 18. ಎರಡನೇದು, 'ಗಟ್ಸ್', 2023ರ ಸೆಪ್ಟೆಂಬರ್ 8ಕ್ಕೆ ಬಂತು. ಹನ್ನೆರಡು ಹಾಡು, ಒಟ್ಟು ಸುಮಾರು 39 ನಿಮಿಷ. ಎರಡಕ್ಕೂ ಜೊತೆಗಿದ್ದು ಹಾಡು ಕಟ್ಟಿದವರು ಡ್ಯಾನ್ ನೀಗ್ರೋ ಎಂಬ ಪ್ರೊಡ್ಯೂಸರ್. ಹಿಂದೆ ಅವರೂ ರಾಕ್ ಬ್ಯಾಂಡಿನಲ್ಲಿ ಇದ್ದವರು.

ಒಂದು ಲೆಕ್ಕ ನೆನಪಿಡಿ. ಮೊದಲ ಆಲ್ಬಂ ಬರೆಯುವಾಗ ಯಾರಿಗೇ ಆಗಲಿ ಅಲ್ಲಿಯ ತನಕದ ಇಡೀ ಜೀವನ ಬಂಡವಾಳವಾಗಿ ಇರುತ್ತದೆ. ಎರಡನೇದಕ್ಕೆ ಸಿಗುವುದು ಎರಡು ವರ್ಷ, ಅದೂ ಎಲ್ಲರೂ ನೋಡುತ್ತಿರುವಾಗ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಕೇಳುವ ಕಿವಿ ಸ್ವಲ್ಪ ತಾಳ್ಮೆ ಕಲಿಯುತ್ತದೆ.

ನನಗೆ ಈ ಹಾಡುಗಳನ್ನು ಕೊಟ್ಟವಳು ನನ್ನ ಅಕ್ಕನ ಮಗಳು. ಅವಳೂ 2003ರಲ್ಲೇ ಹುಟ್ಟಿದವಳು. 'ಸವರ್' ಬಂದಾಗ ಲಾಕ್‌ಡೌನ್, ಅವಳದ್ದು ಸೆಕೆಂಡ್ ಪಿಯುಸಿ. ಆಲ್ದೂರಿನ ಹತ್ತಿರದ ನಮ್ಮೂರಲ್ಲಿ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಪರೀಕ್ಷೆ ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ ದಿನಾ ತೋಟದ ಮೇಲಿನ ಬೋರೆ ಹತ್ತುತ್ತಿದ್ದಳು. ಒಂದು ದಿನ ಇಳಿದು ಬಂದವಳು ಇಯರ್‌ಫೋನಿನ ಒಂದು ತುದಿ ನನಗೆ ಕೊಟ್ಟು, "ಮಾವ, ಇದನ್ನ ಕೇಳಿ, ಪೂರ್ತಿ ಕೇಳಿ" ಅಂದಳು. ಪರೀಕ್ಷೆ ಆಮೇಲೆ ರದ್ದಾಯಿತು. ಹಾಡುಗಳು ಉಳಿದವು. ಎರಡು ವರ್ಷ ಕಳೆದು 'ಗಟ್ಸ್' ಬಂದಾಗ ಅವಳು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಬಂದ ದಿನವೇ ಮೆಸೇಜ್: "ಮಾವ, ಮೊದಲನೇದರಷ್ಟು ಅಳು ಬರಲ್ಲ ಇದರಲ್ಲಿ."

ಈ ಮಾತನ್ನು ಇಟ್ಟುಕೊಂಡೇ ಶುರು ಮಾಡೋಣ. ಎರಡನೇ ಆಲ್ಬಂ ಬಗ್ಗೆ ಹೆಚ್ಚಿನವರಿಗೆ ಅನ್ನಿಸುವುದು ಇದೇ.

ಕೇಳುವ ಮೊದಲು ಮಾಡಬೇಕಾದ್ದು

ಮೊದಲ ಆಲ್ಬಂ ಒಂದು ಸಲ ಪೂರ್ತಿ ಕೇಳಿ. ಒಂದೇ ಸಲ ಸಾಕು. ಆಮೇಲೆ ಮೂರು ನಾಲ್ಕು ದಿನ ಬಿಡಿ. ಅದೇ ದಿನ ಎರಡನೇದು ಹಾಕಬೇಡಿ, ಬೆಲ್ಲ ತಿಂದ ಬಾಯಿಗೆ ಕಾಫಿ ಕುಡಿದ ಹಾಗಾಗುತ್ತದೆ. ಮಧ್ಯೆ ಬಿಟ್ಟ ದಿನಗಳಲ್ಲಿ ಯಾವ ಹಾಡು ತಾನಾಗೇ ಬಾಯಿಗೆ ಬರುತ್ತದೆ ಅಂತ ಗಮನಿಸಿ. ನನಗೆ ಬಂದದ್ದು 'ಡ್ರೈವರ್ಸ್ ಲೈಸೆನ್ಸ್'ನ ಶುರುವಿನ ಸದ್ದು. ಕಾರಿನ ಟಿಣ್ ಟಿಣ್ ಸದ್ದೇ ಮೆಲ್ಲಗೆ ಪಿಯಾನೋ ಆಗಿಬಿಡುವ ಜಾಗ ಅದು. ಹಾಡು ಮರೆತರೂ ಆ ಟಿಣ್ ಟಿಣ್ ಮರೆಯುವುದಿಲ್ಲ.

ಫೋನಿನಲ್ಲಿ ಐದು ಕೆಲಸ. ಶಫಲ್ ತೆಗೆಯಿರಿ. ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ತೆಗೆಯಿರಿ. ಬೇಸ್ ಬೂಸ್ಟ್ ಹಾಕಿಕೊಂಡಿದ್ದರೆ ಈ ಆಲ್ಬಂ ಮಟ್ಟಿಗೆ ಬೇಡ, ಮೆಲ್ಲಗೆ ಹಾಡುವ ಹಾಡುಗಳು ಅದರಲ್ಲಿ ಮುಳುಗಿ ಹೋಗುತ್ತವೆ. ಆಟೋಪ್ಲೇ ಆಫ್ ಮಾಡಿ, ಇದು ಮುಖ್ಯ, ಕಾರಣ ಕೊನೆಗೆ ಹೇಳುತ್ತೇನೆ. ಮತ್ತೆ, ಹಾಡುಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಮ್ಮ ದಾರಿಗಳಲ್ಲಿ ನೆಟ್‌ವರ್ಕ್ ಯಾವ ತಿರುವಲ್ಲಿ ಕೈಕೊಡುತ್ತದೆ ಅಂತ ಹೇಳುವುದಕ್ಕಾಗುವುದಿಲ್ಲ. ಹಾಡಿನ ಮಧ್ಯೆ ಜಾಹೀರಾತು ಬರುವ ಆ್ಯಪ್ ಆದರೆ ಒಂದು ತಿಂಗಳಿಗಾದರೂ ದುಡ್ಡು ಕೊಟ್ಟು ಕೇಳಿ. ಮೆಲುದನಿಯ ಹಾಡು ಮುಗಿದ ತಕ್ಷಣ ಸೋಪಿನ ಜಾಹೀರಾತು ಕೂಗಿದರೆ ಇಡೀ ಮನಸ್ಸು ಹಾಳು.

ಜಾಗ ಮತ್ತು ಹೊತ್ತು. ಮಳೆಗಾಲದಲ್ಲಿ ಜಿಂಕ್ ಶೀಟಿನ ಕೆಳಗೆ ಕೂತು ಕೇಳಬೇಡಿ, ಅರ್ಧ ಆಲ್ಬಂ ಮಳೆಯೇ ತಿಂದುಬಿಡುತ್ತದೆ. ರಾತ್ರಿ ಕರೆಂಟ್ ಹೋದಾಗ ಕೇಳುವುದು ಬಹಳ ಒಳ್ಳೆಯದು, ಫ್ಯಾನ್ ಇಲ್ಲ, ಫ್ರಿಜ್ ಇಲ್ಲ, ಮನೆಯವರೆಲ್ಲ ಬೇಗ ಮಲಗಿರುತ್ತಾರೆ. ನನ್ನದು ಬಸ್ಸು. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಸನಕ್ಕೆ ಹೊರಟಾಗ ಚಿಕ್ಕಮಗಳೂರು ಬಸ್ ಸ್ಟ್ಯಾಂಡ್ ಬಿಟ್ಟ ಮೇಲೆ ಬೇಲೂರು ಬರುವುದಕ್ಕೆ ಹೆಚ್ಚು ಕಮ್ಮಿ ಮುಕ್ಕಾಲು ಗಂಟೆ. ಇಡೀ ಆಲ್ಬಂ ಆ ದಾರಿಯೊಳಗೆ ಕೂರುತ್ತದೆ. ಚಕ್ರದ ಮೇಲಿನ ಸೀಟು ಬೇಡ, ಇಂಜಿನ್ ಪಕ್ಕವೂ ಬೇಡ. ಮಧ್ಯದಲ್ಲಿ, ಕಿಟಕಿ ಮುಚ್ಚಿಕೊಂಡು ಕೂರಿ. ತಂತಿ ಇರುವ ಸಾಮಾನ್ಯ ಇಯರ್‌ಫೋನ್ ಸಾಕು. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಕೆಳಗಿನ ಬಡಿತ ಯಾವುದೂ ಅದರಲ್ಲಿ ಬರುವುದಿಲ್ಲ.

ನಮ್ಮಮ್ಮನ ಕಾಲದಲ್ಲಿ ಇದನ್ನೆಲ್ಲ ಹೇಳಿಕೊಡಬೇಕಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಅವರ ಭಾವಗೀತೆ ಕ್ಯಾಸೆಟ್ ನಮ್ಮ ಮನೆಯಲ್ಲಿತ್ತು. ಕ್ಯಾಸೆಟ್ಟಿನಲ್ಲಿ ಹಾಡು ಹಾರಿಸುವುದು ಕಷ್ಟ, ಹಾಗಾಗಿ ಎ ಸೈಡ್ ಮುಗಿಯುವ ತನಕ ಕೇಳುತ್ತಿದ್ದರು. ಇಷ್ಟವಾಗದ ಹಾಡನ್ನೂ ಅಡುಗೆ ಮಾಡುತ್ತಾ ಹತ್ತಾರು ಸಲ ಕೇಳಿ, ಕೊನೆಗೆ ಅದನ್ನೇ ಗುನುಗುತ್ತಿದ್ದರು. ಆಲ್ಬಂ ಕೇಳುವುದು ಅಂದರೆ ಆ ಅಭ್ಯಾಸವೇ.

ಮೊದಲ ಸುತ್ತು: ಏನೂ ಮಾಡಬೇಡಿ

ಮೊದಲ ಸಲ ಸಾಹಿತ್ಯ ನೋಡಬೇಡಿ. ಅರ್ಥ ಹುಡುಕಬೇಡಿ. ಹಿಂದಿನ ಆಲ್ಬಂನ ಯಾವ ಹಾಡಿನ ಥರ ಇದೆ ಅಂತ ಯೋಚನೆ ಬಂದರೆ ಬರಲಿ, ಅದರ ಹಿಂದೆ ಹೋಗಬೇಡಿ. ಒಂದನ್ನು ಮಾತ್ರ ಗುರುತು ಹಾಕಿಕೊಳ್ಳಿ: ಯಾವ ಹಾಡು ಬಂದಾಗ ನಿಮ್ಮ ಬೆರಳು ಮುಂದಿನ ಹಾಡಿನ ಬಟನ್ ಕಡೆ ಹೋಯಿತು? ಹಾರಿಸಬೇಡಿ, ಹೆಸರು ಮಾತ್ರ ಬರೆದುಕೊಳ್ಳಿ. ನನ್ನ ಬೆರಳು ಹೋದದ್ದು 'ಲೇಸಿ' ಮತ್ತು 'ಮೇಕಿಂಗ್ ದ ಬೆಡ್' ಬಂದಾಗ. ಇವತ್ತು ಕೇಳಿದರೆ ಆ ಆಲ್ಬಂನಲ್ಲಿ ನನಗೆ ಜೀವಕ್ಕೆ ಹತ್ತಿರವಾದ ಹಾಡುಗಳು ಅವೆರಡೇ. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನುವುದಿಲ್ಲ. ಆದರೆ ಬೇಗ ದಾಟಿಬಿಡಬೇಕು ಅನ್ನಿಸಿದ ಹಾಡಿನಲ್ಲಿ ಗಾಯಕಿ ಏನೋ ಹೊಸದು ಮಾಡಲು ಹೊರಟಿರುತ್ತಾಳೆ, ನಮ್ಮ ಕಿವಿಗೆ ಅದು ಇನ್ನೂ ಒಗ್ಗಿರುವುದಿಲ್ಲ, ಹೀಗಾಗುವುದು ಜಾಸ್ತಿ.

ಎರಡನೇ ಸುತ್ತು: ಸದ್ದು

ಈಗ ಒಂದೇ ಹಾಡು ತೆಗೆದುಕೊಳ್ಳಿ. 'ವ್ಯಾಂಪೈರ್' ಒಳ್ಳೆಯದು. ಇದು ಆಲ್ಬಂಗಿಂತ ಮೊದಲೇ, 2023ರ ಜೂನ್ 30ಕ್ಕೆ ಬಂದಿತ್ತು. ಮೂರೂವರೆ ನಿಮಿಷ ಚಿಲ್ಲರೆ ಅಷ್ಟೇ. ಇದನ್ನು ಮೂರು ಸಲ ಕೇಳಿ.

ಮೊದಲ ಸಲ ಪಿಯಾನೋ ಮಾತ್ರ ಹಿಡಿಯಿರಿ. ಶುರುವಿನಲ್ಲಿ ಪಿಯಾನೋ, ಆಕೆಯ ದನಿ, ಅಷ್ಟೇ. ನಡೆದು ಬರುವ ಹೆಜ್ಜೆಯ ಹಾಗೆ ಒಂದೊಂದೇ ಒತ್ತು. ಪಿಯಾನೋ ಎಲ್ಲಿಯ ತನಕ ಒಂಟಿಯಾಗಿ ಕೇಳುತ್ತದೆ, ಎಲ್ಲಿ ಗುಂಪಿನಲ್ಲಿ ಕಳೆದುಹೋಗುತ್ತದೆ ಅಂತ ನೋಡಿ. ಎರಡನೇ ಸಲ ಕೆಳಗಿನ ಬಡಿತ ಮಾತ್ರ. ಅದು ಮೊದಲು ಇರುವುದೇ ಇಲ್ಲ. ಆಮೇಲೆ ಗೋಡೆಯ ಆಚೆ ಯಾರೋ ಕುಟ್ಟುತ್ತಿರುವ ಹಾಗೆ ಬರುತ್ತದೆ, ಎದೆ ಹೊಡೆದುಕೊಂಡ ಹಾಗೆ ದುಡು ದುಡು ಅಂತ. ಬರಬರುತ್ತಾ ಡ್ರಮ್ಮು ಇಡೀ ಹಾಡನ್ನು ಎಳೆದುಕೊಂಡು ಓಡಲು ಶುರುಮಾಡುತ್ತದೆ. ಮೂರನೇ ಸಲ ದನಿ ಮಾತ್ರ. ಮೊದಲ ಸಾಲುಗಳಲ್ಲಿ ಕಿವಿಯ ಪಕ್ಕ ಕೂತು ಹೇಳಿದಷ್ಟು ಮೆತ್ತಗೆ. ಕೊನೆಗೆ ಬರುವಾಗ ಅದೇ ದನಿ ಕಿರುಚುವುದರ ಅಂಚಿನಲ್ಲಿ ನಿಂತಿರುತ್ತದೆ.

ಇದಾದ ಮೇಲೆ ಮೊದಲ ಆಲ್ಬಂನ 'ಡ್ರೈವರ್ಸ್ ಲೈಸೆನ್ಸ್' ಹಾಕಿ. ಅದೂ ಪಿಯಾನೋದಿಂದಲೇ ಏರುತ್ತದೆ, ಮಧ್ಯದಲ್ಲಿ ಹಲವು ದನಿ ಸೇರಿ ಉಕ್ಕುತ್ತದೆ, ಆಮೇಲೆ ಮತ್ತೆ ಇಳಿದು ಮೆತ್ತಗಾಗಿ ಮುಗಿಯುತ್ತದೆ. ಅತ್ತು ಸುಸ್ತಾಗಿ ಮಲಗಿದ ಹಾಗೆ. 'ವ್ಯಾಂಪೈರ್' ಇಳಿಯುವುದಿಲ್ಲ. ಏರಿದ್ದು ಏರಿದ ಜಾಗದಲ್ಲೇ ನಿಲ್ಲುತ್ತದೆ. 17ರ ಹುಡುಗಿ ನೋವನ್ನು ಸಮಾಧಾನ ಮಾಡಿ ಮನೆಗೆ ಕರೆದುಕೊಂಡು ಬಂದಳು, 20ರ ಹುಡುಗಿ ಸಮಾಧಾನ ಮಾಡಲು ಒಪ್ಪುತ್ತಿಲ್ಲ. ಈ ವ್ಯತ್ಯಾಸ ಸಾಹಿತ್ಯ ಓದದೆಯೇ ಕಿವಿಗೆ ಸಿಗುತ್ತದೆ. ಅದಕ್ಕೇ ಸದ್ದು ಮೊದಲು, ಮಾತು ಆಮೇಲೆ.

ಇನ್ನೊಂದು ಜಾಗ ಇದೆ, ಆಲ್ಬಂನ ಮೊಟ್ಟಮೊದಲ ಹಾಡು. ಅದರ ಹೆಸರಲ್ಲಿ ಬೈಗುಳ ಇದೆ, ಇಲ್ಲಿ ಬರೆಯುವುದಿಲ್ಲ, ಹಾಕಿದರೆ ಸಿಗುತ್ತದೆ. ಶುರುವಿನಲ್ಲಿ ಗಿಟಾರಿನ ತಂತಿ ಮೀಟುತ್ತಾ ಜೋಗುಳದ ಹಾಗೆ ಹಾಡುತ್ತಾಳೆ. ತಟ್ಟನೆ ಪಲ್ಲವಿಗೆ ಬಂದಾಗ ಗಿಟಾರುಗಳು ಒಡೆದು ಬರುತ್ತವೆ. ಮತ್ತೆ ಜೋಗುಳ, ಮತ್ತೆ ಒಡೆತ. 'ಸವರ್'ನ ಮೊದಲ ಹಾಡು 'ಬ್ರೂಟಲ್' ಕೂಡ ಪಿಟೀಲಿನ ಮೆಲುದನಿಯಿಂದ ಶುರುವಾಗಿ ಗಿಟಾರಿಗೆ ನೆಗೆಯುತ್ತದೆ. ಅಲ್ಲಿ ಅದು ಕೇಳುಗರನ್ನು ಬೆಚ್ಚಿಬೀಳಿಸುವ ಆಟ. ಇಲ್ಲಿ ಆ ನೆಗೆತಕ್ಕೇ ಅರ್ಥ ಬಂದಿದೆ. ಮೆತ್ತಗಿರುವುದು ಹುಡುಗಿ ಹೇಗಿರಬೇಕು ಅಂತ ಎಲ್ಲರೂ ಬಯಸುವ ರೂಪ: ತಾಳ್ಮೆ, ನಗು, ಕೃತಜ್ಞತೆ. ಒಡೆಯುವುದು ಒಳಗಿರುವುದು. "ಹೆಣ್ಮಕ್ಕಳು ನಗುನಗುತ್ತಾ ಇರಬೇಕಮ್ಮ" ಅನ್ನುವ ಮಾತನ್ನು ಮದುವೆ ಮನೆಗಳಲ್ಲಿ ಕೇಳಿಸಿಕೊಂಡ ಯಾವ ಹುಡುಗಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ. ಎರಡು ವರ್ಷದಲ್ಲಿ ಬೆಳೆದದ್ದು ಅಂದರೆ ಇದು. ಕೈಯಲ್ಲಿದ್ದ ಉಪಾಯವೇ ಮಾತಾಡಲು ಕಲಿತಿದೆ.

ಮೂರನೇ ಸುತ್ತು: ಬೆರಳು ಯಾರ ಕಡೆ?

ಈಗ ಸಾಹಿತ್ಯ ತೆಗೆಯಿರಿ. "ಅವರ ಇಂಗ್ಲಿಷ್ ಅರ್ಥ ಆಗಲ್ಲ" ಅಂತ ಬಿಡುವವರು ಬಹಳ ಜನ. ಪೂರ್ತಿ ಅರ್ಥವಾಗಬೇಕಿಲ್ಲ. ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಒಂದೊಂದು ಚರಣಕ್ಕೂ ನಿಮ್ಮದೇ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಪಕ್ಕದಲ್ಲಿ, ತಪ್ಪು ಯಾರದ್ದು ಅನ್ನುತ್ತಿದ್ದಾಳೆ ಅಂತ ಗುರುತು ಹಾಕಿ: 'ಅವನು', 'ಅವರೆಲ್ಲ', 'ನಾನು'. ಇಷ್ಟೇ.

ಮೊದಲು 'ಸವರ್'ಗೆ ಹೀಗೆ ಮಾಡಿದಾಗ ನನ್ನ ಪುಟದಲ್ಲಿ 'ಅವನು' ತುಂಬಿಹೋಯಿತು. ಮೋಸ ಮಾಡಿದ ಅವನು, ಬೇಗ ಮರೆತ ಅವನು, ಹೊಸಬಳ ಜೊತೆ ಅದೇ ಐಸ್‌ಕ್ರೀಮ್ ತಿನ್ನುವ ಅವನು. 'ಫೇವರಿಟ್ ಕ್ರೈಮ್' ಒಂದರಲ್ಲಿ ಮಾತ್ರ, ಆ ಅಪರಾಧದಲ್ಲಿ ನಾನೂ ಜೊತೆಗಿದ್ದೆ ಅನ್ನುತ್ತಾಳೆ. ಅದನ್ನು ಬಿಡದೆ ಗುರುತು ಮಾಡಿ. ಎರಡನೇ ಆಲ್ಬಂನ ಬೀಜ ಅಲ್ಲಿದೆ.

'ಗಟ್ಸ್'ನಲ್ಲಿ 'ನಾನು' ಕಾಲಂ ಬೆಳೆಯುತ್ತಾ ಹೋಗುತ್ತದೆ. 'ವ್ಯಾಂಪೈರ್'ನಲ್ಲೇ, ಅವನನ್ನು ಅಷ್ಟು ಬೈಯುವ ಹಾಡಿನಲ್ಲೇ, ನಾನು ಜಾಣೆ ಅಂದುಕೊಂಡಿದ್ದೆನಲ್ಲ ಅನ್ನುವ ನೋವು ಬರುತ್ತದೆ. 'ಲಾಜಿಕಲ್'ನಲ್ಲಿ ಪ್ರೀತಿ ಮಾಡಿದಾಗ ಎರಡು ಎರಡು ಕೂಡಿದರೆ ಐದು ಅಂದರೂ ನಂಬಿದ್ದನ್ನು ಹೇಳುತ್ತಾ ಹೋಗಿ, ಕೊನೆಗೆ ಅರ್ಧ ಹೊಣೆ ತನ್ನದೂ ಅಂತ ಒಪ್ಪಿಕೊಳ್ಳುತ್ತಾಳೆ. ಒಪ್ಪಿಕೊಂಡರೆ ಹಗುರ ಆಗುತ್ತದೆ ಅಂತಾರಲ್ಲ, ಇಲ್ಲಿ ಆಗುವುದಿಲ್ಲ, ಇನ್ನೂ ಭಾರವಾಗುತ್ತದೆ. ನನಗೆ ಬಹಳ ನಿಜ ಅನ್ನಿಸಿದ ಜಾಗ.

'ಮೇಕಿಂಗ್ ದ ಬೆಡ್' ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೆಸರು ಹಾಸಿಗೆ ಹಾಸುವುದರ ಬಗ್ಗೆ. ನಾವೇ ಹಾಸಿದ ಹಾಸಿಗೆಯಲ್ಲಿ ನಾವೇ ಮಲಗಬೇಕು ಅಂತ ಅವರಲ್ಲಿ ಒಂದು ಗಾದೆ ಇದೆ. ನಮ್ಮಲ್ಲಿ ಅದಕ್ಕೆ ಇನ್ನೂ ಗಟ್ಟಿ ಮಾತಿದೆ: ಮಾಡಿದ್ದುಣ್ಣೋ ಮಹಾರಾಯ. ಹೆಸರು ಬಂತು, ದುಡ್ಡು ಬಂತು, ಗೊತ್ತಿಲ್ಲದವರೆಲ್ಲ ಗೆಳೆಯರಾದರು, ಹಳೆಯ ಗೆಳೆಯರು ದೂರವಾದರು, ಬೇಕು ಅಂದದ್ದೆಲ್ಲ ಸಿಕ್ಕಿದ ಮೇಲೆ ಇದೇ ಬೇಡ ಅನ್ನಿಸುತ್ತಿದೆ. ಒಂದೊಂದೇ ದೂರು ಹೇಳುತ್ತಾ ಬಂದು, ಪಲ್ಲವಿಯಲ್ಲಿ ಹಾಸಿಗೆ ಹಾಸಿದವಳು ನಾನೇ ಅನ್ನುತ್ತಾಳೆ. ಗಾದೆಯನ್ನು ನಾವು ಯಾವಾಗಲೂ ಇನ್ನೊಬ್ಬರಿಗೆ ಹೇಳುತ್ತೇವೆ. ಮಗ ಕೆಲಸ ಬಿಟ್ಟು ಬಂದರೆ ಅವನಿಗೆ, ಪಕ್ಕದ ತೋಟದವರು ಸಾಲ ಮಾಡಿದರೆ ಅವರಿಗೆ. ತನಗೆ ತಾನೇ ಹೇಳಿಕೊಂಡರೆ ಅದು ಹೇಗೆ ಕೇಳುತ್ತದೆ ಅಂತ ತಿಳಿಯಬೇಕಾದರೆ ಈ ಹಾಡು ಕೇಳಿ. ಸದ್ದಿನಲ್ಲೂ ಅಬ್ಬರ ಇಲ್ಲ, ಗಿಟಾರುಗಳು ಮಂಜಿನ ಹಾಗೆ ಸುತ್ತ ಹಬ್ಬಿಕೊಂಡಿರುತ್ತವೆ. ಅದಕ್ಕೇ ನನ್ನ ಬೆರಳು ಮೊದಲ ಸಲ ಇದನ್ನು ದಾಟಲು ಹೋದದ್ದು.

'ಲೇಸಿ' ಹುಟ್ಟಿದ್ದು ಪದ್ಯವಾಗಿ. ಆಕೆ ಯೂನಿವರ್ಸಿಟಿಯಲ್ಲಿ ಕವಿತೆಯ ಒಂದು ಕ್ಲಾಸಿಗೆ ಸೇರಿದ್ದಳು, ಅಲ್ಲಿಗೆ ಬರೆದದ್ದು ಇದು. ಲೇಸಿ ಎಂಬ ಹುಡುಗಿಯ ಚಂದವನ್ನು ಹೊಗಳುತ್ತಾ ಹೊಗಳುತ್ತಾ ಹೊಟ್ಟೆಕಿಚ್ಚಿಗೆ ಬರುತ್ತಾಳೆ. ಮೊದಲ ಆಲ್ಬಂನಲ್ಲೂ ಹೊಟ್ಟೆಕಿಚ್ಚಿನ ಹಾಡಿತ್ತು, 'ಜೆಲಸಿ, ಜೆಲಸಿ'. ಅದು ಫೋನಿನಲ್ಲಿ ಕಾಣುವ ಚಂದದ ಹುಡುಗಿಯರೆಲ್ಲರ ಮೇಲಿನ ಕಿಚ್ಚು, ಮುಖವಿಲ್ಲದ ಗುಂಪಿನ ಮೇಲೆ. ಇಲ್ಲಿ ಒಬ್ಬಳೇ, ಮುಖ ಇದೆ, ಹೆಸರಿದೆ. ಮೆಚ್ಚುಗೆ ಎಲ್ಲಿ ಮುಗಿಯಿತು, ಕಿಚ್ಚು ಎಲ್ಲಿ ಶುರುವಾಯಿತು ಅಂತ ಬಿಡಿಸುವುದಕ್ಕೆ ಬರುವುದಿಲ್ಲ. ಇದನ್ನು ಇಯರ್‌ಫೋನಿನಲ್ಲೇ ಕೇಳಿ, ಉಸಿರು ಎಳೆದುಕೊಳ್ಳುವ ಸದ್ದು ಸಹ ಹಾಡಿನ ಭಾಗ.

ಪ್ರೌಢ ಅಂದರೆ ಗಂಭೀರ ಅಲ್ಲ

ಇಲ್ಲಿ ಒಂದು ಎಚ್ಚರಿಕೆ. ಹಾಡುಗಾರರು ಬೆಳೆದಿದ್ದಾರೆ ಅಂದ ಕೂಡಲೇ ನಾವು ನಿಧಾನದ ಹಾಡು, ದುಃಖದ ಹಾಡು ಹುಡುಕುತ್ತೇವೆ. ಕುಣಿಯುವ ಹಾಡು ಬಂದರೆ ಇದು ಹುಡುಗಾಟ ಅಂತ ಪಕ್ಕಕ್ಕಿಡುತ್ತೇವೆ. 'ಗಟ್ಸ್' ಮಟ್ಟಿಗೆ ಇದು ದೊಡ್ಡ ತಪ್ಪು. 'ಬ್ಯಾಡ್ ಐಡಿಯಾ, ರೈಟ್?' ಕೇಳಿ. ಬಿಟ್ಟುಹೋದ ಹುಡುಗನ ಮನೆಗೆ ಮತ್ತೆ ಹೊರಟಿದ್ದಾಳೆ. ತಪ್ಪು ಅಂತ ಗೊತ್ತು. ಗೆಳತಿಯರಿಗೆ ಸುಳ್ಳು ಹೇಳಿದ್ದಾಳೆ. ಅರ್ಧ ಹಾಡು ಹಾಡೇ ಅಲ್ಲ, ಫೋನಿನಲ್ಲಿ ಹರಟಿದ ಹಾಗೆ ಮಾತು. ತನ್ನ ಪೆದ್ದುತನವನ್ನು ತಾನೇ ನೋಡಿ ನಗುವುದು 18ರಲ್ಲಿ ಆಗದ ಕೆಲಸ. ಆಗ ಎಲ್ಲವೂ ಜೀವ ಹೋಗುವಷ್ಟು ದೊಡ್ಡದಾಗಿ ಕಾಣುತ್ತದೆ.

'ಗೆಟ್ ಹಿಮ್ ಬ್ಯಾಕ್!' ಹೆಸರಿಗೆ ಎರಡು ಅರ್ಥ. ಅವನನ್ನು ವಾಪಸ್ ಪಡೆಯಬೇಕು ಅನ್ನುವುದು ಒಂದು, ಅವನಿಗೆ ಸರಿಯಾಗಿ ತಿರುಗಿಸಿ ಕೊಡಬೇಕು ಅನ್ನುವುದು ಇನ್ನೊಂದು. ಇಡೀ ಹಾಡು ಈ ಎರಡರ ಮಧ್ಯೆ ಜೋಕಾಲಿ ಆಡುತ್ತದೆ. ಪಲ್ಲವಿಗೆ ಬಹಳ ದನಿಗಳು ಸೇರಿ ಕೂಗುತ್ತವೆ, ಕಾಲೇಜು ಟ್ರಿಪ್ಪಿನ ಬಸ್ಸಿನ ಹಿಂದಿನ ಸೀಟಿನ ಹಾಗೆ. ಈ ಎರಡನ್ನೂ ಬೆಳಗಿನ ಹೊತ್ತು ಕೇಳಿ, ರಾತ್ರಿಗೆ ಬೇಡ.

ಎಲ್ಲ ಹಾಡೂ ಒಂದೇ ಎತ್ತರದಲ್ಲಿಲ್ಲ. 'ದ ಗ್ರಜ್' ನನಗೆ ಮೊದಲ ಆಲ್ಬಂನಲ್ಲೇ ಇರಬಹುದಾದ ಹಾಡು ಅನ್ನಿಸುತ್ತದೆ. ಚೆನ್ನಾಗಿದೆ, ಕ್ಷಮಿಸಲು ಆಗದ ನೋವು ಇದೆ, ಆದರೆ ಪಿಯಾನೋ ಏರುವ ದಾರಿ ಮೊದಲೇ ನಡೆದ ದಾರಿ. ಹೀಗೆ ಅನ್ನಿಸಿದರೆ ಧೈರ್ಯವಾಗಿ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಇಷ್ಟಪಟ್ಟ ಆಲ್ಬಂನಲ್ಲಿ ಎಲ್ಲವನ್ನೂ ಇಷ್ಟಪಡಬೇಕು ಅಂತೇನೂ ಇಲ್ಲ. ಸಾವಿರಾರು ಜನ ಏನು ಹೇಳಿದ್ದಾರೆ, ಯಾವ ಹಾಡಿಗೆ ಎಷ್ಟು ವ್ಯೂಸ್ ಅಂತ ನೋಡುವುದನ್ನು ಮಾತ್ರ ಮೂರನೇ ಸುತ್ತು ಮುಗಿಯುವ ತನಕ ಇಟ್ಟುಕೊಳ್ಳಬೇಡಿ.

ಕೊನೆಯ ಹಾಡು, ಮತ್ತೆ ಜೊತೆಗೊಬ್ಬರು

ಇಷ್ಟಾದ ಮೇಲೆ ಇನ್ನೊಬ್ಬರ ಜೊತೆ ಮಾತಾಡಿ. ಒಟ್ಟಿಗೆ ಕೂತು ಕೇಳುವುದು ಬೇಡ, ಪಕ್ಕದವರ ಮುಖ ನೋಡುತ್ತಾ ನಮ್ಮ ಅಭಿಪ್ರಾಯ ಬದಲಾಗುತ್ತದೆ. ಬೇರೆ ಬೇರೆ ಕೇಳಿ, ಆಮೇಲೆ ಸೇರಿ. "ಹೇಗಿದೆ?" ಅಂತ ಕೇಳಬೇಡಿ, "ಚೆನ್ನಾಗಿದೆ" ಅಂತ ಬರುತ್ತದೆ, ಮಾತು ಮುಗಿಯಿತು. "ಯಾವ ಹಾಡು ಹಾರಿಸಿದೆ?" ಅಂತ ಕೇಳಿ.

ನಾನು ಅಕ್ಕನ ಮಗಳಿಗೆ ಹಾಗೇ ಕೇಳಿದೆ. ಹಾಸನದ ಮಹಾರಾಜ ಪಾರ್ಕಿನ ಕಲ್ಲು ಬೆಂಚಿನ ಮೇಲೆ, ಅವಳ ಇಂಟರ್ನಲ್ಸ್ ಮುಗಿದ ಸಂಜೆ. ಸುಮ್ನೆ ಕಾಲಿನಿಂದ ಎಲೆ ಸರಿಸುತ್ತಾ ಕೂತಿದ್ದಳು.

"ಕೊನೇದು," ಅಂದಳು. "ಟೀನೇಜ್ ಡ್ರೀಮ್. ಮೊದಲ ಸಾಲಿಗೇ ತೆಗೆದುಬಿಟ್ಟೆ ಮಾವ."

ಆ ಹಾಡು ಶುರುವಾಗುವುದೇ ಒಂದು ಪ್ರಶ್ನೆಯಿಂದ. ವಯಸ್ಸಿಗೆ ಮೀರಿದ ಬುದ್ಧಿ ಅಂತ ಎಲ್ಲರೂ ಹೊಗಳುತ್ತಿದ್ದರು, ವಯಸ್ಸೇ ಆದ ಮೇಲೆ? ಆಗ ಏನು ಅಂತ ಹೊಗಳುತ್ತಾರೆ? ನನ್ನ ಒಳ್ಳೆಯದನ್ನೆಲ್ಲ ಆಗಲೇ ಕೊಟ್ಟು ಮುಗಿಸಿದೆನಾ? 20ಕ್ಕೆ ಕಾಲಿಟ್ಟ ಹುಡುಗಿಯ ಭಯ ಅದು. ಪಿಯಾನೋ ಜೊತೆ ಒಂಟಿ ದನಿ. ಮುಂದೆ ಎಲ್ಲ ಸರಿಹೋಗುತ್ತದೆ ಅಂತ ದೊಡ್ಡವರು ಹೇಳುತ್ತಾರೆ, ಸರಿಹೋಗದಿದ್ದರೆ ಅನ್ನುವ ಸಾಲನ್ನು ಮತ್ತೆ ಮತ್ತೆ ಹೇಳುತ್ತಾ ಹಾಡು ದೊಡ್ಡದಾಗುತ್ತದೆ.

"ಯಾಕೆ ತೆಗೆದೆ?" ಅಂದೆ.

"ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಊರೆಲ್ಲ ಮನೆಗೆ ಬಂದಿತ್ತಲ್ಲ ಮಾವ. ಅಜ್ಜ ಎಲ್ಲರಿಗೂ ಕೊಬ್ಬರಿ ಮಿಠಾಯಿ ಹಂಚಿದ್ರು. ಈಗ ಬ್ಯಾಕ್ ಇಲ್ದೆ ಪಾಸಾದ್ರೆ ಸಾಕು ಅಂತಾರೆ ಅಮ್ಮ. ನಂಗೂ ಅಷ್ಟೇ ಸಾಕು ಅನ್ಸುತ್ತೆ. ಅದಕ್ಕೇ."

ನನಗೆ ತಕ್ಷಣ ಏನೂ ಹೇಳಲು ತೋಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಳು ಬರಲ್ಲ ಅಂದಿದ್ದೆಯಲ್ಲ ಪುಟ್ಟಿ" ಅಂದೆ. ಅವಳು ನಕ್ಕಳು, ಕಣ್ಣಲ್ಲಿ ನೀರಿತ್ತು. ಮೊದಲ ಆಲ್ಬಂ ಅವಳನ್ನು ಅಳಿಸಿದ್ದು ಯಾರದ್ದೋ ಪ್ರೇಮದ ಕಥೆಗೆ. ಆಗ ಅವಳಿಗೆ ಪ್ರೇಮವೂ ಗೊತ್ತಿರಲಿಲ್ಲ, ಕಾರೂ ಗೊತ್ತಿರಲಿಲ್ಲ. ಇದು ಅವಳದ್ದೇ ಕಥೆ, ಅದಕ್ಕೇ ಕೇಳಲು ಧೈರ್ಯ ಬಂದಿರಲಿಲ್ಲ. ಹಾಗಾಗಿ ಎರಡನೇ ಆಲ್ಬಂ ಬಗ್ಗೆ ಯಾರಾದರೂ ಇಷ್ಟವಾಗಲಿಲ್ಲ ಅಂದರೆ ವಾದ ಮಾಡಬೇಡಿ. ಎಲ್ಲಿ ನಿಲ್ಲಿಸಿದರು ಅಂತ ಕೇಳಿ.

ಆ ಹಾಡನ್ನು ಪೂರ್ತಿ ಕೇಳುವ ಬಗೆ ಇದು. ಮಧ್ಯದಿಂದ ಹಾಕಬೇಡಿ. ಮೊದಲ ಹಾಡಿನಿಂದ ಶುರುಮಾಡಿ, ಅಷ್ಟೂ ದಾರಿ ನಡೆದುಕೊಂಡು ಬಂದು ಅದರ ಮುಂದೆ ನಿಲ್ಲಿ. ಆಟೋಪ್ಲೇ ಆಫ್ ಮಾಡಿ ಅಂದದ್ದು ಇದಕ್ಕೆ. ಅದು ಆನ್ ಇದ್ದರೆ ಕೊನೆಯ ಸದ್ದು ಆರುವ ಮೊದಲೇ ಆ್ಯಪ್ ಇನ್ನೊಬ್ಬರ ಹಾಡು ತಂದು ಹಾಕುತ್ತದೆ, ಆ ಪ್ರಶ್ನೆ ಅಲ್ಲೇ ಸತ್ತುಹೋಗುತ್ತದೆ. ಆಫ್ ಇದ್ದರೆ ಇಯರ್‌ಫೋನಿನಲ್ಲಿ ಏನೂ ಇರುವುದಿಲ್ಲ. ಬಸ್ಸಿನ ಸದ್ದು ನಿಧಾನಕ್ಕೆ ವಾಪಸ್ ಬರುತ್ತದೆ. ತಕ್ಷಣ ಫೋನ್ ತೆಗೆಯಬೇಡಿ, ಕಂಡಕ್ಟರ್ "ಬೇಲೂರು, ಬೇಲೂರು" ಅಂತ ಕೂಗುವ ತನಕ ಹಾಗೇ ಕೂತಿರಿ.

ಹೋದ ತಿಂಗಳು ಅವಳು ಊರಿಗೆ ಬಂದಿದ್ದಳು. ಬೋರೆ ಹತ್ತಿ ಇಳಿದು ಬಂದು, "ಪೂರ್ತಿ ಕೇಳಿದೆ ಮಾವ" ಅಂದಳು. ಯಾವುದನ್ನು ಅಂತ ನಾನು ಕೇಳಲಿಲ್ಲ.